ಜನವರಿಯವರೆಗೆ ಬ್ರಹ್ಮಚಾರಿ

ಆನ್ಸೆಲ್ಮೋ ಕಾತಿಗ್‌ಬಾಕ್ ಮದುವೆಯಾದದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಹಂದಿಮಾಂಸದ ಕಾರ್ಖಾನೆಯ ಊಟದ ಬಿಡುವಿನಲ್ಲಿ. ಬೇರೆ ಹೊತ್ತಿನಲ್ಲಿ ಮದುವೆಯಾಗಲು ಕಾರ್ಖಾನೆ ಒಪ್ಪಲಿಲ್ಲ. ಒಂದು ದಿನ ರಜೆ ಕೇಳಿದಾಗ ಮೇಸ್ತ್ರಿ, "ಮದುವೆಗೆ ಎಷ್ಟು ಹೊತ್ತು ಬೇಕು?" ಎಂದ. ಸೆಲ್ಮೋ ಪ್ರಾಮಾಣಿಕ ಮನುಷ್ಯ. "ಹತ್ತು ನಿಮಿಷ ಸಾಕಂತೆ ಸರ್" ಎಂದುಬಿಟ್ಟ. "ಹಾಗಿದ್ದ ಮೇಲೆ ರಜೆ ಯಾಕೆ?" ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಯಾರು ಏನು ಕೇಳಿದರೂ "ಆಯ್ತು ಸರ್", "ಆಯ್ತು ಮೇಡಂ" ಎಂಬ ಎರಡು ಉತ್ತರಗಳಲ್ಲಿಯೇ ಅವನ ಅರ್ಧ ಆಯಸ್ಸು ಕಳೆದಿತ್ತು.

ಕೆನಡಾದ ಮ್ಯಾನಿಟೋಬಾ ಬಯಲಿನಲ್ಲಿರುವ ನಮ್ಮ ಆಲ್ಡರ್‌ಟನ್ ಊರು ನಿಂತಿರುವುದು ಆ ಕಾರ್ಖಾನೆಯ ಮೇಲೆ. ಕಾರ್ಖಾನೆ ನಿಂತಿರುವುದು ಫಿಲಿಪೀನ್ಸಿನಿಂದ ಬಂದ ಕೈಗಳ ಮೇಲೆ. ಕೈಗಳು ಎಂಬ ಮಾತನ್ನು ತಿಳಿದೇ ಬಳಸಿದ್ದು. ಈ ದೇಶ ಕರೆಸಿಕೊಂಡದ್ದು ಕೈಗಳನ್ನು. ಕೈಗಳ ಹಿಂದೆ ಭುಜ, ಭುಜದ ಪಕ್ಕದಲ್ಲಿ ಎದೆ, ಆ ಎದೆಯೊಳಗೆ ಯಾರೋ ಒಬ್ಬಳು, ಹೀಗೆ ಒಂದಕ್ಕೊಂದು ಅಂಟಿಕೊಂಡು ಬಂದಾಗ ವಲಸೆ ಇಲಾಖೆಗೆ ಸಹಜವಾಗಿಯೇ ಕಿರಿಕಿರಿಯಾಯಿತು. ಕಿರಿಕಿರಿಯಾದಾಗಲೆಲ್ಲ ಸರ್ಕಾರಗಳು ಮಾಡುವುದನ್ನೇ ಅದೂ ಮಾಡಿತು. ಅದಕ್ಕೂ ಒಂದು ಅರ್ಜಿ ಇಟ್ಟಿತು.

ವಧು ಕ್ರಿಸ್ಪಿನಾ ಊರಿನ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದವಳು. ಅವಳಿಗೂ ರಜೆ ಸಿಗಲಿಲ್ಲ. ಆದ್ದರಿಂದ ಮದುವೆ ಆಶ್ರಮದ ಊಟದ ಮನೆಯಲ್ಲಿ, ಸೂಪಿಗೂ ಸಿಹಿಗೂ ನಡುವಿನ ಬಿಡುವಿನಲ್ಲಿ ನಡೆಯಿತು. ಮದುವೆ ಮಾಡಿಸಲು ಸರ್ಕಾರದ ಅನುಮತಿ ಪಡೆದಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಬಂದು ವಾಕ್ಯಗಳನ್ನು ಓದಿಸಿದರು. ಸಾಕ್ಷಿಗಳು ಇಬ್ಬರು: ಕಾರ್ಖಾನೆಯ ಕಾರ್ಮಿಕ ಸಂಘದ ಬಾತೋ, ಮತ್ತು ಆಶ್ರಮದ ಅತಿ ಹಿರಿಯ ಅಜ್ಜಿ ಮಿಸೆಸ್ ಪೆನ್ನರ್. ವರ ಬಿಳಿ ಕೋಟು ಹಾಕಿದ್ದ. ಕಾರ್ಖಾನೆ ಕೊಟ್ಟ ಬಿಳಿ ಕೋಟು ಅದು. ತಲೆಯ ಮೇಲೆ ಕೂದಲ ಬಲೆಯೂ ಇತ್ತು. ಯಾರದೋ ಹುಟ್ಟುಹಬ್ಬವೆಂದು ತಿಳಿದ ಮೂವರು ಮುದುಕಿಯರು ಅದಕ್ಕೆ ತಕ್ಕ ಹಾಡು ಹಾಡಿದರು. ಬಾತೋ ಒಂದು ಫೋಟೋ ತೆಗೆದ. ಸೆಲ್ಮೋ ಓಡಿಹೋಗಿ ತನ್ನ ಜಾಗದಲ್ಲಿ ನಿಂತು, ಮೊದಲು ಬಂದ ಹಂದಿಯ ಭುಜದ ಕೊಬ್ಬನ್ನು ಎಂದಿನಂತೆ ಕತ್ತರಿಸಿದ.

ಇಷ್ಟು ಅವಸರಕ್ಕೆ ಕಾರಣವಿತ್ತು. ಸೆಲ್ಮೋನ ಕಾಯಂ ವಾಸದ ಅರ್ಜಿ, ಅಂದರೆ ಎಲ್ಲರೂ ಪಿಆರ್ ಎನ್ನುವುದು, ಎರಡು ವರ್ಷದಿಂದ ಇಲಾಖೆಯಲ್ಲಿ ಕೂತಿತ್ತು. ಅದನ್ನು ಹಾಕುವಾಗ ಅವನು ಒಂಟಿ. ಅರ್ಜಿ ಇವತ್ತೋ ನಾಳೆಯೋ ಮಂಜೂರಾಗುವಂತಿತ್ತು. ಕ್ರಿಸ್ಪಿನಾಳ ಕೆಲಸದ ಪರವಾನಗಿ ಫೆಬ್ರವರಿಗೆ ಮುಗಿಯುತ್ತಿತ್ತು.

"ಪಿಆರ್ ಕೈಗೆ ಬರೋ ಮುಂಚೆ ಅವಳ ಹೆಸರು ಸೇರಿಸಿಬಿಡು" ಎಂದು ಬಾತೋ ಎಚ್ಚರಿಸಿದ್ದ. "ಆಮೇಲೆ ನೆನಪಾಯ್ತು ಅಂದ್ರೆ ಕೇಳಲ್ಲ. ಆಗ ಬಚ್ಚಿಟ್ಟೋನು ನೀನೇ ಅಂತಾರೆ. ನೀನು ಇಲ್ಲೇ ಮುದುಕ ಆಗ್ತೀಯ, ಅವಳು ಅಲ್ಲಿ ಮುದುಕಿ ಆಗ್ತಾಳೆ. ಕರೆಸಿಕೊಳ್ಳೋ ದಾರಿನೇ ಇರಲ್ಲ."

ಸೆಲ್ಮೋ ಮದುವೆಯಾದ ದಿನವೇ ಇಲಾಖೆಗೆ ಬರೆದ: ನಾನು ಮದುವೆಯಾಗಿದ್ದೇನೆ, ದಯವಿಟ್ಟು ನನ್ನ ಹೆಂಡತಿಯನ್ನು ನನ್ನ ಅರ್ಜಿಗೆ ಸೇರಿಸಿಕೊಳ್ಳಿ.

ಆಮೇಲೆ ಸಂಜೆ ಮನೆಗೆ ಹೋಗಿ ತೀತಾ ಪಾಸಿಂಗ್‌ಗೆ ಹೇಳಿದ. ಎಲ್ಲ ಎಡವಟ್ಟಾದದ್ದು ಇಲ್ಲಿಂದ.

ತೀತಾ ಎಂದರೆ ಅತ್ತೆ; ಸೆಲ್ಮೋನ ತಂದೆಯ ಅಕ್ಕ. ಅವನು ಇದ್ದದ್ದು ಅವಳ ಮನೆಯ ನೆಲಮಾಳಿಗೆಯಲ್ಲಿ. ಆಲ್ಡರ್‌ಟನ್‌ಗೆ ಬಂದ ಮೊದಲ ಫಿಲಿಪಿನೋ ಹೆಂಗಸು ಅವಳು. ಊರಿನ ಅರ್ಧ ಜನಕ್ಕೆ ಮೊದಲ ಚಳಿಗಾಲದ ಕೋಟು ಕೊಡಿಸಿದವಳೂ ಅವಳೇ. ಹೀಗಾಗಿ ಅವಳ ಮಾತು ಮೀರುವ ಅಭ್ಯಾಸ ಊರಿನಲ್ಲಿ ಯಾರಿಗೂ ಇರಲಿಲ್ಲ. ಸುದ್ದಿ ಕೇಳಿದಾಗ ಅವಳು ಹುಳಿ ಸಾರಿಗೆ ಮೀನು ಬಿಡುತ್ತಿದ್ದಳು. ಮೀನು ನೆಲಕ್ಕೆ ಬಿತ್ತು.

"ಈ ವರ್ಷವಾ?" ಎಂದಳು.

"ಹೌದು ತೀತಾ. ಇವತ್ತು. ಊಟದ ಬಿಡುವಲ್ಲಿ."

"ನಿನ್ನ ತಂಗಿ ಲುರ್ದೆಸ್ ಈ ಜೂನ್‌ನಲ್ಲೇ ಮದುವೆ ಆದ್ಳಲ್ಲೋ! ಒಂದೇ ವರ್ಷ ಒಂದೇ ಮನೇಲಿ ಎರಡು ಮದುವೆನಾ? ಸುಕೋಬ್ ಕಣೋ ಅದು, ಸುಕೋಬ್! ನಿನ್ನ ತಲೇಲಿರೋದು ಮಿದುಳಾ, ಹಂದಿ ಕೊಬ್ಬಾ?"

ಸೆಲ್ಮೋಗೆ ಅದು ಮರೆತೇ ಹೋಗಿತ್ತು. ಒಡಹುಟ್ಟಿದವರಿಬ್ಬರು ಒಂದೇ ವರ್ಷದಲ್ಲಿ ಮದುವೆಯಾಗಬಾರದು. ಹಾಗೇನಾದರೂ ಆದರೆ ಒಂದು ಮದುವೆ ಇನ್ನೊಂದರ ಅದೃಷ್ಟವನ್ನು ನುಂಗಿಬಿಡುತ್ತದೆ. ಫಿಲಿಪೀನ್ಸಿನ ಅವರ ಬತಂಗಾಸ್ ಪ್ರಾಂತದಲ್ಲಿ ಇದು ಮಕ್ಕಳಿಗೂ ಗೊತ್ತು.

"ನಾನೂ ನಿಮ್ಮಪ್ಪನೂ ಒಂದೇ ವರ್ಷ ಮದುವೆ ಆದ್ವಿ" ಎಂದಳು ತೀತಾ, ಮೀನನ್ನು ಎತ್ತದೆ. "ಯಾರ ಮಾತೂ ಕೇಳಲಿಲ್ಲ. ನಿಮ್ಮಪ್ಪ ಚೆನ್ನಾಗಿ ಬಾಳಿದ. ನನ್ನ ಗಂಡ ಹಡಗಿನಿಂದ ವಾಪಸ್ ಬರಲಿಲ್ಲ. ಮದುವೇಲಿ ಉಟ್ಟಿದ್ದ ಬಿಳಿ ಬಟ್ಟೆಗೇ ಕಪ್ಪು ಬಣ್ಣ ಹಾಕಿಸಿ ಉಟ್ಟೋಳು ನಾನು. ಬೇರೆ ಕೊಳ್ಳೋಕೆ ದುಡ್ಡಿರಲಿಲ್ಲ. ಲುರ್ದೆಸ್ ಈಗ ಬಸುರಿ. ಅವಳ ಗಂಡನೂ ಹಡಗಲ್ಲೇ ಇದಾನೆ. ತಿಳೀತಾ?"

ಸೆಲ್ಮೋಗೆ ತಿಳಿಯಿತು. ಆ ಮಾತಿಗೆ ನಗುವಂಥವರು ಆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ತೀತಾ ಮೀನು ಎತ್ತಿ, ತೊಳೆದು, ಸಾರಿಗೆ ಬಿಟ್ಟು, ತೀರ್ಪು ಕೊಟ್ಟಳು. "ನಿನ್ನ ಮದುವೆ ಆಗಿಲ್ಲ. ಜನವರಿ ಹುಟ್ಟೋವರೆಗೆ ನೀನು ಬ್ರಹ್ಮಚಾರಿ. ಅವಳು ಅವಳ ರೂಮಲ್ಲಿ, ನೀನು ಕೆಳಗೆ. ಬಾಯಲ್ಲಿ ಬಂದ್ರೆ ತಾನೇ ಅದು ಮದುವೆ? ಯಾರ ಬಾಯಲ್ಲೂ ಬರಬಾರದು. ಆಮೇಲೆ ಚರ್ಚಲ್ಲಿ ಮಾಡೋಣ, ಅದೇ ಮದುವೆ."

"ಆಯ್ತು ತೀತಾ" ಎಂದ ಸೆಲ್ಮೋ.

ಹೀಗೆ ಒಂದೇ ದಿನದಲ್ಲಿ ಅವನು ಕೆನಡಾ ಸರ್ಕಾರಕ್ಕೆ ತಾನು ಮದುವೆಯಾದವನೆಂದೂ, ತೀತಾ ಪಾಸಿಂಗ್‌ಗೆ ತಾನು ಮದುವೆಯಾಗದವನೆಂದೂ ಮಾತು ಕೊಟ್ಟ. ಎರಡೂ ಬೇರೆ ಬೇರೆ ಇಲಾಖೆಗಳಾದ್ದರಿಂದ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲವೆಂದು ನಂಬಿ, ಹೊಟ್ಟೆತುಂಬ ಉಂಡು ಮಲಗಿದ.

ಕ್ರಿಸ್ಪಿನಾಗೆ ವಿಷಯ ತಿಳಿಸಿದಾಗ ಅವಳು ಕೇಳಿದಳು: "ಸರ್ಕಾರ ನಾನು ಹೆಂಡತಿ ಹೌದಾ ಅಂತ ಕೇಳುತ್ತೆ. ನಿಮ್ಮತ್ತೆ ಹೆಂಡತಿ ಅಲ್ಲ ಅಂತಾರೆ. ನೀನು ಏನಂತೀಯ?"

"ನಾನು ಇಬ್ಬರಿಗೂ ಹೂಂ ಅಂದಿದೀನಿ" ಎಂದ ಸೆಲ್ಮೋ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಉಂಗುರ ಕಳಚಿ ಅವನ ಕೈಯಲ್ಲಿಟ್ಟಳು. ತೀತಾ ಅದನ್ನು ಅಕ್ಕಿಯ ಡಬ್ಬಿಯ ತಳದಲ್ಲಿ ಹೂತಳು.

ತೀತಾ ಅರೆಬರೆ ಕೆಲಸ ಮಾಡುವವಳಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ, ಕಾಫಿ ಕುಡಿಯುತ್ತಿದ್ದ ಊರಿನವರಿಗೆಲ್ಲ ಆಜ್ಞೆ ಹೊರಟಿತು. ಅಂಗಡಿಯ ಬೇಬೆಂಗ್ ಎಲ್ಲರೆದುರು ಬಾಯಿಗೆ ಬೀಗ ಹಾಕಿದಂತೆ ಕೈ ಮಾಡಿ ತೋರಿಸಿದಳು. ಫಾದರ್ ಗಿಲ್ ಮಾತ್ರ, "ನಾನು ಸುಳ್ಳು ಹೇಳೋ ಹಾಗಿಲ್ಲಮ್ಮ" ಎಂದು ಗೊಣಗಿದರು. "ಯಾರು ಹೇಳಿ ಅಂದೋರು? ಬೇರೆ ಕಡೆ ತಿರುಗಿಕೊಳ್ಳಿ ಸಾಕು" ಎಂದಳು ತೀತಾ. ಕಾರ್ಖಾನೆಯ ವಿರುದ್ಧ ಜನರನ್ನು ಒಟ್ಟುಗೂಡಿಸಲು ಬಾತೋ ಎಷ್ಟೋ ವರ್ಷ ಒದ್ದಾಡಿ ಸಾಧಿಸಲಾಗದ ಒಗ್ಗಟ್ಟು, ಒಂದು ಲೋಟ ಕಾಫಿ ಆರುವುದರೊಳಗೆ ಉಂಟಾಯಿತು. ಬಾತೋ ಅದನ್ನು ನೋಡಿ ನಿಟ್ಟುಸಿರುಬಿಟ್ಟ.

ನವೆಂಬರ್‌ನಲ್ಲಿ ಇಲಾಖೆ ಪುರಾವೆ ಕೇಳಿತು. ಮದುವೆ ಆಗಿದೆ ಎನ್ನುವುದಕ್ಕೆ ಪ್ರಮಾಣಪತ್ರವಿದೆ, ಸರಿ. ಮದುವೆ ನಿಜವೇ ಎನ್ನುವುದಕ್ಕೆ ಏನಿದೆ? ಸಮಾರಂಭದ ಫೋಟೋಗಳು, ಒಟ್ಟಿಗೆ ವಾಸವಿರುವ ದಾಖಲೆ, ನಿಮ್ಮನ್ನು ಗಂಡ ಹೆಂಡತಿ ಎಂದು ಬಲ್ಲ ಬಂಧುಮಿತ್ರರ ಹೇಳಿಕೆಗಳು. ಸೆಲ್ಮೋ ಇದ್ದದ್ದನ್ನೆಲ್ಲ ಕಳಿಸಿದ. ಇದ್ದದ್ದು ಒಂದು ಫೋಟೋ. ಅದರಲ್ಲಿ ಕೂದಲ ಬಲೆ ತೊಟ್ಟ ಒಬ್ಬ ಗಂಡಸು ಸಮವಸ್ತ್ರದ ಒಬ್ಬ ಹೆಂಗಸಿನ ಪಕ್ಕ ನಿಂತಿದ್ದ. ಹಿಂದೆ ಒಬ್ಬ ಅಜ್ಜಿ ಸೂಪು ಕುಡಿಯುತ್ತಿದ್ದಳು. ನೋಡಿದವರಿಗೆ ಅದು ಆಸ್ಪತ್ರೆಯ ಅಡುಗೆಮನೆಯ ತಪಾಸಣೆಯ ಚಿತ್ರದಂತೆ ಕಾಣುತ್ತಿತ್ತು.

ಅನುಮಾನ ಬಂದ ಇಲಾಖೆ ಡಿಸೆಂಬರ್ ನಡುವಿನ ಒಂದು ದಿನ ಡೋರೀನ್ ಮ್ಯಾಕ್‌ಲೀಶ್ ಎಂಬ ಅಧಿಕಾರಿಯನ್ನು ವಿನ್ನಿಪೆಗ್‌ನಿಂದ ಕಳಿಸಿತು. ಆಕೆ ಮುಂಚೆ ತಿಳಿಸದೆ ಬಂದಳು. ಮೊದಲು ಹೊಕ್ಕಿದ್ದು ಬೇಬೆಂಗ್‌ಳ ಅಂಗಡಿ.

"ಆನ್ಸೆಲ್ಮೋ ಕಾತಿಗ್‌ಬಾಕ್ ಗೊತ್ತಾ ನಿಮಗೆ? ಅವರಿಗೆ ಮದುವೆ ಆಗಿದೆಯಾ?"

"ಮದುವೆನಾ? ನಮ್ಮ ಸೆಲ್ಮೋಗಾ?" ಬೇಬೆಂಗ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಪಾಪ, ಅವನಿಗೆ ಹೆಣ್ಣು ಹುಡುಕಿ ಹುಡುಕಿ ನಮಗೆ ಸಾಕಾಗಿದೆ ಮೇಡಂ. ಒಳ್ಳೆ ಹುಡುಗ, ಕುಡಿಯಲ್ಲ, ಆದ್ರೆ ಹತ್ರ ನಿಂತ್ರೆ ಹಂದಿ ವಾಸನೆ. ನಿಮ್ಮ ಕಡೆ ಯಾರಾದ್ರೂ ಇದ್ರೆ ಹೇಳಿ. ವಯಸ್ಸಾದ್ರೂ ಪರವಾಗಿಲ್ಲ."

ಅಧಿಕಾರಿ ಬರೆದುಕೊಂಡಳು. ಚರ್ಚಿನಲ್ಲಿ ಫಾದರ್ ಗಿಲ್, "ನನ್ನ ಚರ್ಚಲ್ಲಂತೂ ಆಗಿಲ್ಲ" ಎಂದು ಅಪ್ಪಟ ಸತ್ಯ ನುಡಿದು, ಹೊರಗೆ ನಿಂತಿದ್ದ ಹಿಮ ತೆಗೆಯುವ ಯಂತ್ರವನ್ನು ತುರ್ತಾಗಿ ಆಶೀರ್ವದಿಸಬೇಕಾಗಿದೆ ಎಂದು ಹೊರಟುಹೋದರು. ಕಾರ್ಖಾನೆಯ ಮೇಸ್ತ್ರಿ ಹಾಜರಿ ನೋಡಿ, "ಅವತ್ತು ಅವನು ರಜೆ ತಗೊಂಡಿಲ್ಲ. ರಜೆ ಇಲ್ಲದೆ ಯಾರಾದ್ರೂ ಮದುವೆ ಆಗ್ತಾರಾ?" ಎಂದ. ಸಾಕ್ಷಿ ಬಾತೋ, ಅಧಿಕಾರಿಗಳ ಪ್ರಶ್ನೆ ಎಂಬ ಮಾತು ಕಿವಿಗೆ ಬೀಳುತ್ತಲೇ ಅಭ್ಯಾಸಬಲದಿಂದ, "ವಕೀಲರಿಲ್ಲದೆ ನಾನು ಬಾಯಿ ಬಿಡಲ್ಲ" ಎಂದ. ಇನ್ನೊಬ್ಬ ಸಾಕ್ಷಿ ಮಿಸೆಸ್ ಪೆನ್ನರ್ ಮಾತ್ರ ಅಧಿಕಾರಿಯ ಕೈ ಹಿಡಿದು, "ಹೌದಮ್ಮ, ಮದುವೆ ಆಯ್ತು, ನಾನೇ ನೋಡಿದೆ. ತುಂಬ ಚೆನ್ನಾಗಿ ಆಯ್ತು. ಗಂಡು ಕುದುರೆ ಗಾಡೀಲಿ ಬಂದ" ಎಂದಳು.

ಹೊತ್ತು ಮುಳುಗುವಾಗ ಅಧಿಕಾರಿ ತೀತಾ ಪಾಸಿಂಗ್‌ಳ ಮೇಜಿನ ಮುಂದೆ ಕೂತಿದ್ದಳು. ಕೆಲಸದಿಂದ ಆಗಷ್ಟೇ ಬಂದ ಸೆಲ್ಮೋ ಬೂಟು ಕಳಚುವುದನ್ನೂ ಮರೆತು ಬಾಗಿಲಲ್ಲಿ ನಿಂತಿದ್ದ. ತೀತಾ ಅತಿಥಿಯ ಮುಂದೆ ಶಾವಿಗೆಯ ದೊಡ್ಡ ತಟ್ಟೆ ಇಟ್ಟಳು.

"ಮೊದಲು ಊಟ ಮಾಡಿ ಮೇಡಂ. ಇಷ್ಟು ಸಣ್ಣ ಆಗಿದೀರ, ಸರ್ಕಾರ ನಿಮಗೆ ಊಟಕ್ಕೂ ಬಿಡಲ್ವಾ?"

"ನಿಮ್ಮ ಸೋದರಳಿಯನಿಗೆ ಮದುವೆ ಆಗಿದೆಯಾ, ಮಿಸೆಸ್?"

ತೀತಾ ಗೋಡೆಯ ಮೇಲಿದ್ದ ಬಾಲ ಯೇಸುವಿನ ವಿಗ್ರಹದ ಕಡೆ ಒಮ್ಮೆ ನೋಡಿದಳು, ಕ್ಷಮೆ ಕೇಳುವವಳಂತೆ. "ಇಲ್ಲ ಮೇಡಂ. ಅವನು ಹೆಣ್ಣಿನ ನೆರಳನ್ನೂ ಮೆಟ್ಟಿದೋನಲ್ಲ."

ಡೋರೀನ್ ಮ್ಯಾಕ್‌ಲೀಶ್ ಪೆನ್ನು ಕೆಳಗಿಟ್ಟಳು. "ಮಿಸ್ಟರ್ ಕಾತಿಗ್‌ಬಾಕ್, ಮದುವೆ ಆಗಿದೆ ಅಂತ ನೀವು ನಮಗೆ ಬರೆದುಕೊಟ್ಟಿದೀರಿ. ಊರಲ್ಲಿ ಒಬ್ಬರಿಗೂ ಆ ವಿಷಯ ಗೊತ್ತಿಲ್ಲ. ನಿಮ್ಮ ಮನೆಯವರಿಗೇ ಗೊತ್ತಿಲ್ಲ. ಸುಳ್ಳು ಮದುವೆ ತೋರಿಸಿದ್ರೆ ಏನಾಗುತ್ತೆ ಗೊತ್ತಲ್ಲ? ಹೆಂಡತಿ ಹೆಸರಷ್ಟೇ ಅಲ್ಲ, ನಿಮ್ಮ ಅರ್ಜಿಯೂ ಹೋಗುತ್ತೆ. ಐದು ವರ್ಷ ಮತ್ತೆ ಅರ್ಜಿ ಹಾಕೋ ಹಾಗಿಲ್ಲ."

ಸೆಲ್ಮೋ ಬಾಯಿ ತೆರೆದ. ಅವನಿಗೆ ಗೊತ್ತಿದ್ದ ಎರಡು ಉತ್ತರಗಳಲ್ಲಿ ಯಾವುದೂ ಅಲ್ಲಿಗೆ ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಕ್ರಿಸ್ಪಿನಾ ಸಮವಸ್ತ್ರದ ಮೇಲೆ ಕೋಟು ಹಾಕಿಕೊಂಡು ಏದುಸಿರುಬಿಡುತ್ತ ಬಂದಳು. ಅಧಿಕಾರಿ ಬಂದ ಸುದ್ದಿಯನ್ನು ಆಶ್ರಮದ ಅಜ್ಜಿಯರು ಮುಟ್ಟಿಸಿದ್ದರು. ಬರಿ ಬೆರಳುಗಳ ಕೈಯನ್ನು ಅವಳು ಜೇಬಿನೊಳಗೆ ಅಡಗಿಸಿಕೊಂಡಳು. ಅಧಿಕಾರಿ ಅದನ್ನೂ ಬರೆದುಕೊಂಡಳು.

"ಇವಳು ನನ್ನ ಹೆಂಡತಿ" ಎಂದ ಸೆಲ್ಮೋ. ಹೇಳಿ ಮುಗಿಸಿದ ಮೇಲೆಯೇ ಅವನಿಗೆ ತಾನು ಮಾತಾಡಿದ್ದು ಗೊತ್ತಾಯಿತು. "ನಮ್ಮತ್ತೆ ಸುಳ್ಳುಗಾತಿ ಅಲ್ಲ ಮೇಡಂ. ನನ್ನ ತಂಗಿ ಬದುಕಲಿ ಅಂತ ಹೇಳ್ತಿದಾರೆ." ಬಿದ್ದು ಎದ್ದು, ತಡವರಿಸಿ, ಅವನು ಎಲ್ಲವನ್ನೂ ಹೇಳಿದ. ಒಂದೇ ವರ್ಷದ ಎರಡು ಮದುವೆ, ನುಂಗಿಹೋಗುವ ಅದೃಷ್ಟ, ಕಪ್ಪು ಬಣ್ಣ ಹಾಕಿಸಿದ ಬಿಳಿ ಬಟ್ಟೆ. ಅಧಿಕಾರಿ ಮುಖ ಕದಲಿಸದೆ ಕೇಳಿದಳು. ಇಂಥದ್ದಕ್ಕೆ ಅವಳ ನಮೂನೆಯಲ್ಲಿ ಖಾನೆಯಿರಲಿಲ್ಲ.

"ಹಾಗಾದ್ರೆ" ಎಂದಳು ಕೊನೆಗೆ, "ಇವರು ಗಂಡ ಹೆಂಡತಿ ಅಂತ ಮನೆಯವರೊಬ್ಬರ ಹೇಳಿಕೆ ನನಗೆ ಬೇಕು. ಇವತ್ತೇ ಬೇಕು, ಇವತ್ತಿನ ತಾರೀಕು ಹಾಕಿ. ಜನವರಿಗೆ ಈ ಫೈಲು ನನ್ನ ಹತ್ರ ಇರಲ್ಲ."

ತೀತಾ ಕುರ್ಚಿಯಲ್ಲಿ ಕುಸಿದಳು. "ಒಂದು ಹುಡುಗಿ ಉಳೀಬೇಕು ಅಂದ್ರೆ ಇನ್ನೊಂದು ಹುಡುಗಿನ ನಾನೇ ಬಲಿ ಕೊಡಬೇಕಾ? ಈ ದೇಶಕ್ಕೆ ನನ್ನ ಸೊಂಟ ಕೊಟ್ಟೆ, ಮೊಣಕಾಲು ಕೊಟ್ಟೆ. ಇನ್ನೊಬ್ಬರ ಮಕ್ಕಳನ್ನ ಎತ್ತಿ ಆಡಿಸಿದೆ. ಇನ್ನು ಇದನ್ನೂ ಕೇಳ್ತೀರಾ?"

"ಬರೀಬೇಡಿ ತೀತಾ" ಎಂದಳು ಕ್ರಿಸ್ಪಿನಾ ಮೆಲ್ಲಗೆ. "ಲುರ್ದೆಸ್‌ಗೆ ಏನಾದ್ರೂ ಆದ್ರೆ ನಾನು ಈ ಮನೇಲಿ ಹೇಗೆ ಅನ್ನ ತಿನ್ನಲಿ? ನಾನು ವಾಪಸ್ ಹೋಗ್ತೀನಿ."

ಶಾವಿಗೆ ಆರುತ್ತಿತ್ತು. ಸೆಲ್ಮೋ ಫೋನು ತೆಗೆದ. "ಬಲಿ ಕೊಡೋದೇ ಆದ್ರೆ ಅವಳನ್ನ ಒಂದು ಮಾತು ಕೇಳೋಣ" ಎಂದ.

ಬತಂಗಾಸ್‌ನಲ್ಲಿ ಆಗ ಬೆಳಗು. ಕ್ರಿಸ್‌ಮಸ್ ಮುಂಚಿನ ನಸುಕಿನ ಪೂಜೆ ಮುಗಿಸಿ, ಲುರ್ದೆಸ್ ಚರ್ಚಿನ ಹೊರಗೆ ನಿಂತು ಬಿಸಿ ಅಕ್ಕಿ ರೊಟ್ಟಿ ತಿನ್ನುತ್ತಿದ್ದಳು. ಪರದೆಯ ಮುಕ್ಕಾಲು ಭಾಗ ಅವಳ ಹೊಟ್ಟೆಯೇ ಇತ್ತು. ಅಣ್ಣನ ಮದುವೆ, ಅಧಿಕಾರಿ, ಹೇಳಿಕೆ, ಎಲ್ಲವನ್ನೂ ಕೇಳಿ ಅವಳ ಬಾಯಿಯ ರೊಟ್ಟಿ ಅಲ್ಲೇ ನಿಂತಿತು.

"ತೀತಾ ಪಕ್ಕದಲ್ಲೇ ಇದಾರಾ, ಕುಯಾ?" ಎಂದು ಪಿಸುಗುಟ್ಟಿದಳು. ಕುಯಾ ಎಂದರೆ ಅಣ್ಣ.

"ಇಲ್ಲೇ ಇದೀನಿ ಕಣೇ. ಹೇಳು."

"ಬೈಬೇಡಿ ತೀತಾ. ನಮ್ಮ ಮದುವೆ ಜೂನ್‌ನಲ್ಲಿ ಆಗಿದ್ದಲ್ಲ."

"ಏನಂದೆ?"

"ಹೋದ ವರ್ಷವೇ ಆಗಿತ್ತು. ನವೆಂಬರ್‌ನಲ್ಲಿ, ಮೇಯರ್ ಮುಂದೆ. ಮದುವೆ ಕಾಗದ ತೋರಿಸದಿದ್ರೆ ಹಡಗಿನ ಕಂಪನಿ ಇವರ ಸಂಬಳದ ಪಾಲು ನನಗೆ ಕಳಿಸಲ್ಲ ಅಂತು. ಚರ್ಚಿಲ್ಲದ ಮದುವೆ ಅಂದ್ರೆ ನೀವು ಕೊಂದೇಬಿಡ್ತೀರಿ ಅಂತ ಯಾರಿಗೂ ಹೇಳಲಿಲ್ಲ. ಜೂನ್‌ನಲ್ಲಿ ಆಗಿದ್ದು ನಿಮಗೋಸ್ಕರ."

ತೀತಾ ಪಾಸಿಂಗ್‌ಳ ಮುಖದಲ್ಲಿ ಕೋಪ ಬಂತು, ಹೋಯಿತು, ಮತ್ತೆ ಬಂತು. ಕ್ರಿಸ್ಪಿನಾ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ತೀತಾ, ಒಂದು ಮಾತು. ಕಾಗದದ ಮದುವೆ ಮದುವೆನಾ, ಅಲ್ವಾ? ಹೌದು ಅಂದ್ರೆ ಲುರ್ದೆಸ್ ಹೋದ ವರ್ಷ ಆದ್ಳು, ನಾವು ಈ ವರ್ಷ ಆದ್ವಿ. ಅಲ್ಲ ಅಂದ್ರೆ ನಾವಿನ್ನೂ ಆಗೇ ಇಲ್ಲ. ಹೇಗೆ ನೋಡಿದ್ರೂ ಸುಕೋಬ್ ಎಲ್ಲಿದೆ?"

ತೀತಾ ಆ ಹುಡುಗಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ನನ್ನ ಕಾಲದಲ್ಲಿ" ಎಂದಳು, "ಹೀಗೆ ಬಿಡಿಸಿ ಹೇಳೋರು ಯಾರೂ ಇರಲಿಲ್ಲ." ಎದ್ದು ಹೋಗಿ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು. ಉಂಗುರವನ್ನು ಸೆರಗಿಲ್ಲದ ತನ್ನ ಅಂಗಿಗೇ ಒರೆಸಿ, ಅಧಿಕಾರಿಯ ಕಣ್ಣೆದುರಿಗೇ ಕ್ರಿಸ್ಪಿನಾಳ ಬೆರಳಿಗೆ ತೊಡಿಸಿದಳು. ಉಗುರಿನ ಸಂದಿಯಲ್ಲಿ ಅಕ್ಕಿಯ ಹುಡಿಯಿತ್ತು.

"ಪೆನ್ನು ಕೊಡಿ ಮೇಡಂ. ಇವನಿಗೆ ಅಕ್ಟೋಬರ್‌ನಲ್ಲೇ ಮದುವೆ ಆಗಿದೆ. ಇವಳು ನನ್ನ ಸೊಸೆ. ಇಲ್ಲ ಅಂದೋರು ಯಾರು, ಕರೀರಿ ಇಲ್ಲಿಗೆ."

"ನೀವೇ" ಎಂದಳು ಅಧಿಕಾರಿ.

ಸಹಿಯಾಯಿತು. ಹೊರಡುವಾಗ ಡೋರೀನ್ ಮ್ಯಾಕ್‌ಲೀಶ್ ಬಾಗಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತ, "ಸುಳ್ಳು ಮದುವೆಗಳನ್ನ ಬಹಳ ನೋಡಿದೀನಿ" ಎಂದಳು. "ಅದಕ್ಕೆ ಆಲ್ಬಂ ಇರುತ್ತೆ, ಕೇಕ್ ಇರುತ್ತೆ, ಊರೆಲ್ಲ ಸಾಕ್ಷಿ ಹೇಳೋಕೆ ಬರುತ್ತೆ. ಮುಚ್ಚಿಡೋಕೆ ಇಷ್ಟು ಕಷ್ಟಪಟ್ಟಿದ್ದನ್ನ ಇದೇ ಮೊದಲು ನೋಡಿದ್ದು." ಅವಳು ನಕ್ಕಳೋ ಇಲ್ಲವೋ ಚಳಿಯ ಮುಸುಕಿನಲ್ಲಿ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಬೇಬೆಂಗ್.

"ತೀತಾ, ಆ ಹೆಂಗಸು ಕಾಫಿಗೆ ಅಂತ ಮತ್ತೆ ಅಂಗಡಿಗೆ ಬಂದಿತ್ತು! ಸೆಲ್ಮೋಗೆ ಮದುವೆ ಆಗಿದೆ ಅಂತ ನನಗೇ ಹೇಳುತ್ತೆ! ನಿಮ್ಮ ಸಹಿನೂ ತೋರಿಸ್ತು. ನಾನು ಬಿಡ್ತೀನಾ? ಸಹಿ ಖೋಟಾ ಅಂದೆ. ಬಾಲ ಯೇಸು ಮೇಲೆ ಆಣೆ ಹಾಕಿದೆ."

ಜನವರಿಯಲ್ಲಿ ಲುರ್ದೆಸ್‌ಗೆ ಗಂಡುಮಗುವಾಯಿತು. ಹಡಗಿನಿಂದ ಅಪ್ಪ ಬಂದು ಎತ್ತಿಕೊಂಡ. ಕ್ರಿಸ್ಪಿನಾಳ ಪರವಾನಗಿ ಮುಗಿಯಲು ಕೆಲವೇ ದಿನಗಳಿದ್ದಾಗ ಇಲಾಖೆಯ ಉತ್ತರ ಬಂತು. ಅದರಲ್ಲಿ ಎರಡು ಹೆಸರುಗಳಿದ್ದವು. ಸೆಲ್ಮೋ ಅದನ್ನು ಓದಿ, ಮಡಚಿ, ಬಿಡಿಸಿ, ಎರಡನೆಯ ಹೆಸರನ್ನು ಮಾತ್ರ ಇನ್ನೊಮ್ಮೆ ಓದಿದ.

ಉಳಿದದ್ದು ಚರ್ಚಿನ ಮದುವೆ. ಒಂದು ದಿನ ರಜೆ ಕೇಳಲು ಅವನು ಮೇಸ್ತ್ರಿಯ ಮುಂದೆ ಹೋಗಿ ನಿಂತ. ಇಡೀ ಸಾಲು ಕೈ ನಿಲ್ಲಿಸದೆ ಕಿವಿ ಮಾತ್ರ ಈ ಕಡೆ ಇಟ್ಟಿತ್ತು.

"ನಿನಗೆ ಮದುವೆ ಆಗಿದೆ ಅಂತ ಸರ್ಕಾರವೇ ಹೇಳಿದೆಯಲ್ಲಯ್ಯ" ಎಂದ ಮೇಸ್ತ್ರಿ. "ಇನ್ನು ರಜೆ ಯಾಕೆ?"

ಇದೇ ಪ್ರಶ್ನೆಗೆ ಅಕ್ಟೋಬರ್‌ನಲ್ಲಿ ಅವನ ಬಳಿ ಉತ್ತರವಿರಲಿಲ್ಲ.

"ಊಟ ಹಾಕೋಕೆ ಸರ್" ಎಂದ ಸೆಲ್ಮೋ. "ಎರಡು ತಿಂಗಳು ಊರೆಲ್ಲ ನನಗೋಸ್ಕರ ಸುಳ್ಳು ಹೇಳಿದೆ. ಎಲ್ಲರನ್ನೂ ಕರೆದಿದೀನಿ. ನಾನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ."

ಬಾತೋನ ಚಾಕು ಅರ್ಧ ಭುಜದಲ್ಲೇ ನಿಂತಿತು.

ಆ ಶನಿವಾರ ಚರ್ಚಿನ ಹಾಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ತೀತಾ ಪಾಸಿಂಗ್ ಎಷ್ಟೋ ವರ್ಷಗಳ ಮೇಲೆ ಬಿಳಿ ಬಟ್ಟೆ ಉಟ್ಟಿದ್ದಳು. ಮಿಸೆಸ್ ಪೆನ್ನರ್ ಗಾಲಿ ಕುರ್ಚಿಯಲ್ಲಿ ಬಂದು, ಗಂಡು ಈ ಸಲ ಕುದುರೆ ಗಾಡಿಯಲ್ಲಿ ಬರಲಿಲ್ಲವೆಂದು ಬೇಸರಪಟ್ಟಳು. ಅತ್ತ ಕಾರ್ಖಾನೆಯಲ್ಲಿ ಗಂಟೆ ಹೊಡೆಯಿತು, ದೀಪ ಹತ್ತಿತು, ಮೇಸ್ತ್ರಿ ಹಾಜರಿ ಹಿಡಿದು ನಿಂತ. ಅವತ್ತು ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ದು ಹಂದಿಗಳು ಮಾತ್ರ.